ಕಾಫಿ, ಚಾಕೊಲೇಟು ಮತ್ತು ವಾಡಿಯ ಒದ್ದೆ ಬಟ್ಟೆ

ಕಳೆದ ತಿಂಗಳು ಸಹನಾ ಎಂಬ ಹುಡುಗಿ ಬೆಂಗಳೂರಿನಿಂದ ನನಗೆ ಫೋನ್ ಮಾಡಿದ್ದಳು. ನಾನು ಬಿಟ್ಟುಬಂದ ಕಾಫಿ ಕಂಪನಿಯಲ್ಲಿ, ನಾನು ಮಾಡುತ್ತಿದ್ದ ಕೆಲಸಕ್ಕೇ ಆಕೆ ಹೊಸದಾಗಿ ಸೇರಿದ್ದಾಳೆ. ಯಾವ ಕಾಫಿಗೆ ಯಾವ ಚಾಕೊಲೇಟು ಹೊಂದುತ್ತದೆ ಎಂಬುದನ್ನು ತಾನು ಮೊದಲು ಕಲಿತು, ಅನಂತರ ಅಂಗಡಿ, ಕ್ಯಾಂಟೀನು, ಕ್ಲಬ್ಬುಗಳವರಿಗೆ ಕಲಿಸುವುದು ಆ ಕೆಲಸ. ಕುಶಲ ವಿಚಾರಿಸಿದ ಮೇಲೆ ಆಕೆ ಒಂದು ಸಂದೇಹ ಕೇಳಿದಳು.

"ಮೇಡಂ, ಚಾಕೊಲೇಟು ಕೊಡೋ ಮುಂಚೆ ಅದರ ಬೆಳ್ಳಿಕಾಗದಾನ ಒದ್ದೆ ಬಟ್ಟೇಲಿ ಒರೆಸಬೇಕು ಅಂತ ಹೇಳ್ಕೊಡ್ತಾರೆ. ಅದೂ ಗಿರಾಕಿ ಎದುರಿಗೇ. ನಮ್ಮ ಎಸಿ ಅಂಗಡೀಲಿ ಧೂಳೇ ಇರಲ್ಲ. ಯಾಕೆ ಅಂತ ಕೇಳಿದ್ರೆ, ಇದು ಯುರೋಪಿನ ಪದ್ಧತಿ ಅಂದ್ರು. ನಿಜಾನಾ?"

ನಾನು ಕುಳಿತಿದ್ದ ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ತಪ್ಪು ಪಾಠವನ್ನು ಕೇಳಿಸಿಕೊಂಡು ಸುಮ್ಮನಿರುವ ಸ್ವಭಾವ ನನ್ನದಲ್ಲ; ಬರೆದು ಕಳುಹಿಸುತ್ತೇನೆಂದು ಹೇಳಿ ಫೋನ್ ಇಟ್ಟೆ. ಯುರೋಪಿನದೆಂದು ಆಕೆಗೆ ಹೇಳಿಕೊಟ್ಟ ಪದ್ಧತಿ ಹುಟ್ಟಿದ್ದು ನಮ್ಮ ಕಲಬುರಗಿ ಕಡೆಯ ವಾಡಿಯಲ್ಲಿ, ರೈಲ್ವೆ ಕ್ವಾರ್ಟರ್ಸಿನ ಪಕ್ಕದಲ್ಲಿ ಚಹಾದಂಗಡಿ ಇಟ್ಟುಕೊಂಡಿದ್ದ ಶರಣಮ್ಮನ ಕೈಯಲ್ಲಿ. ಅದು ಹುಟ್ಟಿದ ಸಂಜೆ ಅವಳ ಅನ್ನದ ದಾರಿಯೇ ಮುಚ್ಚಿಹೋಗುವುದರಲ್ಲಿತ್ತು. ಫೋನಿನಲ್ಲಿ ಹೇಳಿ ಮುಗಿಸುವ ಸಂಗತಿ ಅದಲ್ಲವಾದ್ದರಿಂದ, ಸಹನಾಳಿಗೂ ಅವಳಂತೆ ಈ ಕೆಲಸಕ್ಕೆ ಬರುವ ಇತರರಿಗೂ ಕ್ರಮವಾಗಿ ಬರೆದು ತಿಳಿಸುತ್ತಿದ್ದೇನೆ.

ನಾನು ಮೊದಲು ಸೇಡಂನ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಕನ್ನಡ ಮಾಧ್ಯಮದ ತರಗತಿಗಳನ್ನು ಮುಚ್ಚಿದಾಗ ನನ್ನ ಕೆಲಸವೂ ಮುಚ್ಚಿತು. ಅದೇ ಸಮಯದಲ್ಲಿ ಕಾಫಿ ಕಂಪನಿಯೊಂದು ನಮ್ಮ ಭಾಗಕ್ಕೆ ತರಬೇತುದಾರರನ್ನು ಹುಡುಕುತ್ತಿತ್ತು. ಸಂದರ್ಶನದಲ್ಲಿ ವಲಯದ ವ್ಯವಸ್ಥಾಪಕರಾದ ವಸಂತಕುಮಾರರು, ಮೈಸೂರಿನ ಕಡೆಯವರು, ನನ್ನ ನಾಲಗೆ ಶುದ್ಧವಾಗಿದೆಯೇ ಎಂದು ಕೇಳಿದರು. ಉಚ್ಚಾರಣೆಯನ್ನು ಕುರಿತು ಕೇಳುತ್ತಿದ್ದಾರೆಂದು ಭಾವಿಸಿ, ಶಕಾರ ಷಕಾರಗಳ ವ್ಯತ್ಯಾಸವನ್ನು ನುಡಿದು ತೋರಿಸಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಎಲೆಯಡಿಕೆ ಹಾಕುತ್ತೀರಾ ಎಂದು ಬಿಡಿಸಿ ಕೇಳಿದರು.

ತರಬೇತಿಯ ಮೊದಲ ಬೆಳಗ್ಗೆಯೇ ನನಗೆ ಮೊದಲ ಆಘಾತ ಕಾದಿತ್ತು. ಮೇಜಿನ ಮೇಲೆ ಸಾಲಾಗಿ ಕಾಫಿಯ ಬಟ್ಟಲುಗಳು. ವಸಂತಕುಮಾರರು ಅಚ್ಚುಕಟ್ಟಾದ ಅಂಗಿ ತೊಟ್ಟ, ತೂಕದ ಮಾತಿನ ಮನುಷ್ಯ. ಅವರು ಚಮಚದಲ್ಲಿ ಕಾಫಿ ತೆಗೆದುಕೊಂಡು, ಇಡೀ ಕೋಣೆಗೆ ಕೇಳುವಂತೆ ಸೊರ್ ಎಂದು ಸದ್ದು ಮಾಡಿ ಹೀರಿದರು. ಹೀರಿದ್ದನ್ನು ಬಾಯಿತುಂಬ ಆಡಿಸಿ ಪಕ್ಕದ ಪಾತ್ರೆಗೆ ಉಗುಳಿದರು. ಇಪ್ಪತ್ತು ವರ್ಷಗಳ ಕಾಲ ಮಕ್ಕಳಿಗೆ ಸದ್ದು ಮಾಡದೆ ತಿನ್ನಿರಿ, ಸದ್ದು ಮಾಡದೆ ಕುಡಿಯಿರಿ ಎಂದು ಬೆತ್ತ ಹಿಡಿದು ಹೇಳಿದ್ದ ನನಗೆ ಕಾಲ ಕೆಳಗಿನ ನೆಲ ಸರಿದಂತಾಯಿತು.

"ಶಬ್ದ ಬರಲಿ ಟೀಚರ್," ಎಂದರು ಅವರು. "ಶಬ್ದದ ಜೊತೆ ಗಾಳಿ ಒಳಗೆ ಹೋಗುತ್ತೆ, ಗಾಳಿ ಜೊತೆ ಪರಿಮಳ ಮೂಗಿಗೆ ಏರುತ್ತೆ. ನೀವು ಕುಡೀತಿರೋದು ಬರೀ ಬಿಸಿನೀರು."

ನನಗೆ ಸದ್ದು ಬರಲಿಲ್ಲ. ಮನೆಗೆ ಮರಳಿದ ಮೇಲೆ ಬಾಗಿಲು ಹಾಕಿಕೊಂಡು ಬರೀ ನೀರಿನಲ್ಲಿ ಅಭ್ಯಾಸ ಮಾಡಿದೆ. ಪಕ್ಕದ ಮನೆಯಾಕೆ ನನಗೆ ನೆಗಡಿಯಾಗಿದೆಯೆಂದು ತಿಳಿದು ಕಷಾಯ ತಂದುಕೊಟ್ಟಳು. ಅದನ್ನೂ ಹಾಗೆಯೇ ಹೀರಿ ನೋಡಿದೆ; ಮೆಣಸು ನೇರವಾಗಿ ಮೂಗಿಗೇರಿ ಕಣ್ಣಲ್ಲಿ ನೀರು ಬಂತು. ವಿಧಾನ ಸರಿಯೆಂದು ಮನವರಿಕೆಯಾದದ್ದು ಆಗ.

ಕಾಫಿಯನ್ನೂ ಚಾಕೊಲೇಟನ್ನೂ ಜೋಡಿಸುವುದಕ್ಕೆ ಕಂಪನಿಯಲ್ಲಿ ಇಂಗ್ಲಿಷಿನ ಉದ್ದುದ್ದ ವಿವರಣೆಗಳಿದ್ದವು. ನಮ್ಮ ಕಡೆಯವರಿಗೆ ಅವನ್ನು ಹೇಳಿ ಪ್ರಯೋಜನವಿಲ್ಲವೆಂದು ನಾನು ಸಂಧಿಪ್ರಕರಣವನ್ನೇ ಬಳಸಿದೆ. ಎರಡು ರುಚಿ ಸೇರುವಾಗಲೂ ಮೂರು ಸಂಗತಿಗಳು ನಡೆಯಬಹುದು. ಕಡುಕಾಫಿಯನ್ನು ಹಾಲಿನ ಚಾಕೊಲೇಟಿನ ಜೊತೆ ಕುಡಿದರೆ ಕಹಿ ಬಿಟ್ಟುಹೋಗುತ್ತದೆ, ಅದು ಲೋಪ. ಹುಳಿಯಂಚಿನ ತೋಟದ ಕಾಫಿಗೆ ಕಪ್ಪು ಚಾಕೊಲೇಟು ಸೇರಿದರೆ ಎರಡರಲ್ಲಿಯೂ ಇಲ್ಲದ ಕಿತ್ತಳೆಸಿಪ್ಪೆಯಂತಹ ಪರಿಮಳವೊಂದು ಹೊಸದಾಗಿ ಬರುತ್ತದೆ, ಅದು ಆಗಮ. ಚಿಕೋರಿ ಬೆರೆತ ಕಾಫಿಯ ಮಣ್ಣುವಾಸನೆ ಬೆಲ್ಲದ ಚಾಕೊಲೇಟು ತಾಗಿದೊಡನೆ ಹುರಿದ ಶೇಂಗಾದ ವಾಸನೆಯಾಗಿ ಮಾರ್ಪಡುತ್ತದೆ; ಅದು ಆದೇಶ. ಕ್ರಮವೂ ಮುಖ್ಯ. ಮೊದಲು ಕಾಫಿಯ ಒಂದು ಗುಟುಕು, ಆಮೇಲೆ ಚಾಕೊಲೇಟನ್ನು ಅಗಿಯದೆ ನಾಲಗೆಯ ಮೇಲೆ ಇಟ್ಟುಕೊಳ್ಳುವುದು, ಅದು ಕರಗತೊಡಗಿದಾಗ ಮತ್ತೆ ಬಿಸಿ ಕಾಫಿ. ಈ ಕ್ರಮ ಹಿಂದುಮುಂದಾದರೆ ಎಲ್ಲವೂ ಕೆಡುತ್ತದೆ.

ನಮ್ಮಲ್ಲಿ ಹಿಂದುಮುಂದಾಗದ ದಿನವೇ ಇರಲಿಲ್ಲ. ಅತಿಥಿಗೆ ಮೊದಲು ಬಾಯಿ ಸಿಹಿ ಮಾಡಿಸಿ, ಮೇಲೆ ನೀರು ಕೊಟ್ಟು, ಕೊನೆಗೆ ಚಹಾ ಕೊಡುವುದು ಈ ಭಾಗದ ರೂಢಿ. ಸೇಡಂನ ಬೇಕರಿಯೊಂದರಲ್ಲಿ ನಾನು ನಡೆಸಿದ ಮೊದಲ ರುಚಿಪರಿಚಯದಲ್ಲಿ ಬಂದವರೆಲ್ಲರೂ ಚಾಕೊಲೇಟನ್ನು ಪೇಢೆಯಂತೆ ಒಮ್ಮೆಗೇ ಅಗಿದು ನುಂಗಿ, ನೀರು ಕುಡಿದು, ಅನಂತರ ಕಾಫಿಗೆ ತುಟಿ ತಾಗಿಸಿ, ಸಕ್ಕರಿ ಹಾಕಿಲ್ಲೇನ್ರಿ ಎಂದು ನನ್ನನ್ನು ಕನಿಕರದಿಂದ ನೋಡಿದರು. ಒಬ್ಬರು ತಮ್ಮ ಪಾಲಿನ ಚಾಕೊಲೇಟನ್ನು ಕಾಫಿಯಲ್ಲಿ ಹಾಕಿ ಕದಡಿ, ಅದರಲ್ಲಿ ಖಾರಿ ಬಿಸ್ಕತ್ತು ಅದ್ದಿ ತಿಂದು, ಭಾಳ ಛಲೋ ಆಗ್ಯಾದ ಎಂದು ಮೆಚ್ಚಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ.

ಚಿತ್ತಾಪುರದಲ್ಲಿ ಮತ್ತೊಂದು ಬಗೆ. ನಿವೃತ್ತ ಗುಮಾಸ್ತರಾಗಿದ್ದ ಹಿರಿಯರೊಬ್ಬರು ನನ್ನ ಉಪನ್ಯಾಸ ಮುಗಿಯುವವರೆಗೆ ಕಣ್ಣು ಮುಚ್ಚಿ ಕುಳಿತಿದ್ದರು. ಆಮೇಲೆ ಕಾಫಿಯನ್ನು ಬಸಿಗೆ, ಅಂದರೆ ಸಾಸರಿಗೆ, ಸುರಿದುಕೊಂಡು, ಬಸಿಯನ್ನು ಮೂಗಿನ ಹತ್ತಿರ ಹಿಡಿದು, ಅಂಗಡಿಯ ಹೊರಗಿದ್ದವರಿಗೂ ಕೇಳುವಂತೆ ಸೊರ್ ಎಂದು ಹೀರಿದರು. ವಸಂತಕುಮಾರರ ಸದ್ದು ಅದರ ಮುಂದೆ ಪಿಸುಮಾತು. ನಾನು ನೆಗಡಿಯವಳೆನಿಸಿಕೊಂಡು ಕಲಿತ ವಿದ್ಯೆಯನ್ನು ನಮ್ಮ ಅಜ್ಜಂದಿರು ದಿನವೂ ಮಾಡುತ್ತಿದ್ದರೆಂದೂ, ಅದಕ್ಕಾಗಿಯೇ ನಾನು ಅವರನ್ನು ನೆಂಟರ ಮುಂದೆ ತಡೆಯುತ್ತಿದ್ದೆನೆಂದೂ ಅಂದು ಹೊಳೆಯಿತು. ಬಸಿಯ ಒಂದು ದೋಷವನ್ನಂತೂ ಹೇಳಲೇಬೇಕು: ಅದರಲ್ಲಿ ಕಾಫಿ ಆರುತ್ತದೆ, ಆರಿದ ಕಾಫಿಗೆ ಚಾಕೊಲೇಟು ಕರಗುವುದಿಲ್ಲ. ಬಿಸಿ ಎಷ್ಟು ಮುಖ್ಯವೆಂಬುದನ್ನು ನೆನಪಿನಲ್ಲಿಡಿರಿ; ಮುಂದೆ ಅದು ಬೇಕಾಗುತ್ತದೆ.

ಶಹಾಬಾದದಲ್ಲಿ ನೀರು ನನ್ನನ್ನು ಬೆಚ್ಚಿಬೀಳಿಸಿತು. ಸೇಡಂನಲ್ಲಿ ಕಿತ್ತಳೆಸಿಪ್ಪೆಯ ಪರಿಮಳ ಕೊಟ್ಟ ಪುಡಿಯೇ ಅಲ್ಲಿನ ಬೋರ್‌ವೆಲ್ ನೀರಿನಲ್ಲಿ ಸಪ್ಪೆಯಾಗಿ, ಬಳಪದ ಪಾಟಿ ಒರೆಸಿದ ನೀರಿನಂತಾಯಿತು. ಹಾಸುಗಲ್ಲಿನ ಊರಿನ ಸವಳುನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲವೆಂದು ಗೊತ್ತಿಲ್ಲದವರು ನಮ್ಮಲ್ಲಿ ಯಾರೂ ಇಲ್ಲ. ಬೇಳೆಗೆಂದು ಬೇರೆ ನೀರು ತುಂಬಿಡುವ ಮನೆಯಲ್ಲಿಯೇ ಬೆಳೆದ ನನಗೆ ಅದೇ ನೀರು ಕಾಫಿಯ ಹುಳಿಯನ್ನೂ ಕೊಲ್ಲುತ್ತದೆಂದು ಹೊಳೆದಿರಲಿಲ್ಲ. ಅಂದಿನಿಂದ ನೀರಿನ ಡಬ್ಬಿಯಿಲ್ಲದೆ ನಾನು ಬಸ್ಸು ಹತ್ತಲಿಲ್ಲ. ಚಿಂಚೋಳಿಯ ಬಸ್ಸಿನಲ್ಲಿ ಕಂಡಕ್ಟರರು, "ಅಕ್ಕೋರೆ, ಸುಲೇಪೇಟದಾಗ ನೀರ ಬಂದ್ ಆಗ್ಯಾವೇನ್ರಿ?" ಎಂದು ಕೇಳುತ್ತಿದ್ದರು. ನೀರು ಉಳಿಯಿತು, ಚಾಕೊಲೇಟು ಉಳಿಯಲಿಲ್ಲ. ಏಪ್ರಿಲ್ ತಿಂಗಳಲ್ಲಿ ಸುಲೇಪೇಟದಲ್ಲಿ ಇಳಿದು ಡಬ್ಬಿ ತೆರೆದರೆ ಒಳಗಿದ್ದುದು ಪಾಯಸ.

ಆದ್ದರಿಂದ ವಸಂತಕುಮಾರರನ್ನು ನಾನು ಮತ್ತೆ ಮತ್ತೆ ಕೇಳುತ್ತಿದ್ದುದು ಒಂದೇ: ಬೇಸಿಗೆಯಲ್ಲಿ ಚಾಕೊಲೇಟನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಕಳುಹಿಸಿರಿ. ಕೋಣೆಯ ಉಷ್ಣತೆ ಸಾಕು ಟೀಚರ್ ಎಂಬುದು ಅವರ ಸಿದ್ಧ ಉತ್ತರ. ಯಾವ ಊರಿನ ಕೋಣೆ ಎಂದು ಅವರು ಯೋಚಿಸಿದಂತೆ ಕಾಣಲಿಲ್ಲ.

ಇನ್ನು ಶರಣಮ್ಮ. ಗಂಡನ ಬೆನ್ನು ಹಮಾಲಿ ಕೆಲಸದಲ್ಲಿ ಹಿಡಿದುಕೊಂಡ ಮೇಲೆ ಮನೆ ನಡೆಯುತ್ತಿದ್ದುದು ಅವಳ ಚಹಾದಂಗಡಿಯಿಂದ. ಚಹಾ, ಮಿರ್ಚಿಭಜಿ, ಮಂಡಕ್ಕಿಯ ಸುಸಲಾ. ರೈಲ್ವೆಯವರೂ ಸಿಮೆಂಟ್ ಕಾರ್ಖಾನೆಯವರೂ ಪಾಳಿ ಮುಗಿಸಿ ಅಲ್ಲಿ ನಿಲ್ಲುತ್ತಿದ್ದರು. ನಾನು ಅವಳನ್ನು ಕಂಡ ಚಳಿಗಾಲದಲ್ಲಿ ರಸ್ತೆ ಅಗಲ ಮಾಡುವವರು ಬಂದು ಅಂಗಡಿಯ ಗೋಡೆಗೆ ಕೆಂಪು ಗುರುತು ಹಾಕಿ ಹೋಗಿದ್ದರು. ಮಳೆಗಾಲಕ್ಕೆ ಮೊದಲು ಅದು ನೆಲಸಮವಾಗುವುದು ನಿಶ್ಚಿತವಾಗಿತ್ತು. ಅದೇ ವೇಳೆಗೆ ಊರಿನ ನೌಕರರು ಸೇರಿ ನಡೆಸುತ್ತಿದ್ದ ಕ್ಲಬ್ಬೊಂದರಲ್ಲಿ ಕಾಫಿ ಕೌಂಟರು ತೆರೆಯುವ ಮಾತು ನಡೆದಿತ್ತು. ಕಾಫಿಯೂ ಚಾಕೊಲೇಟೂ ನಮ್ಮ ಕಂಪನಿಯವು. ನಡೆಸುವವರನ್ನು ಆರಿಸುವವರು ವಸಂತಕುಮಾರರು ಮತ್ತು ಕ್ಲಬ್ಬಿನ ಸಮಿತಿ. ಕಲಬುರಗಿಯ ಒಬ್ಬ ಹೋಟೆಲಿನವರೂ ಕೇಳಿದ್ದರು. ನಾನು ಶರಣಮ್ಮನ ಹೆಸರು ಹೇಳಿದೆ. ಬೇಸಿಗೆಯಲ್ಲಿ ಒಂದು ಸಂಜೆ ಸಮಿತಿಯ ಮುಂದೆ ರುಚಿಪರಿಚಯ ನಡೆಸಿಕೊಡಬೇಕು, ಗೆದ್ದರೆ ಕೌಂಟರು ಅವಳದು ಎಂದು ತೀರ್ಮಾನವಾಯಿತು. ಸೋತರೆ ಅವಳಿಗೆ ಒಲೆ ಹೂಡಲು ವಾಡಿಯಲ್ಲಿ ಬೇರೆ ಜಾಗವಿರಲಿಲ್ಲ.

ಅವಳು ಬೇಗ ಕಲಿಯುತ್ತಿದ್ದಳು, ಕಲಿಯುವಾಗ ಬಾಯಿ ಮಾತ್ರ ಮುಚ್ಚುತ್ತಿರಲಿಲ್ಲ. ಲೋಪ, ಆಗಮ, ಆದೇಶಗಳನ್ನು ನಾನು ವಿವರಿಸಿದಾಗ, "ಅಕ್ಕೋರೆ, ಸಾಲ್ಯಾಗ ಇವನ್ನ ಚಾಕಲೇಟ ಕೊಟ್ಟು ಹೇಳಿದ್ರ ನಾ ಯಾಕ ಸಾಲಿ ಬಿಡತಿದ್ನಿ?" ಎಂದಳು. ನಾನು ಇನ್ನೊಂದು ತುಂಡನ್ನು ಅವಳ ಕೈಗಿಟ್ಟೆ. ಉಗುಳುವ ಪಾತ್ರೆಯನ್ನು ತೋರಿಸಿದಾಗ ಅವಳ ಮುಖ ನೋಡಬೇಕಿತ್ತು. ಕುಡಿಯುವುದನ್ನು ಉಗುಳುವುದೇ ಎಂದು ಕಣ್ಣರಳಿಸಿ, ಪಾತ್ರೆಯನ್ನು ಹೊರಗಿಟ್ಟು, ಎಲ್ಲವನ್ನೂ ಕುಡಿದು ನಿದ್ದೆಗೆಟ್ಟಳು.

ಅವಳ ಒಂದು ರೂಢಿಯನ್ನು ನಾನು ಗಮನಿಸಿದ್ದೆನಾದರೂ ಅದರ ಬೆಲೆ ತಿಳಿದಿರಲಿಲ್ಲ. ವಾಡಿಯಲ್ಲಿ ಬೆಳಗಾದರೆ ಎಲ್ಲದರ ಮೇಲೂ ಸಿಮೆಂಟ್ ಕಾರ್ಖಾನೆಯ ಬಿಳಿ ಧೂಳಿನ ತೆಳ್ಳಗಿನ ಪದರ: ಕಿಟಕಿಯ ಅಂಚು, ಸೈಕಲ್ಲಿನ ಸೀಟು, ತುಳಸಿಯ ಎಲೆ. ಆದ್ದರಿಂದ ಅಲ್ಲಿ ಏನನ್ನೇ ಕೊಡುವುದಿದ್ದರೂ ಒರೆಸಿ ಕೊಡುತ್ತಾರೆ. ಗ್ಲಾಸು, ತಟ್ಟೆ, ಸೋಡಾ ಬಾಟಲಿ ಹಾಗಿರಲಿ, ಬಾಳೆಹಣ್ಣನ್ನೂ ಒರೆಸಿಯೇ ಕೈಗಿಡುತ್ತಾರೆ. ಶರಣಮ್ಮನ ಹೆಗಲ ಮೇಲೆ ಶುಭ್ರವಾದ ಒದ್ದೆ ಬಟ್ಟೆಯೊಂದು ಸದಾ ಇರುತ್ತಿತ್ತು. ಗಿರಾಕಿ ನೋಡುವಂತೆ ಒರೆಸುವುದು ಅಲ್ಲಿ ಮರ್ಯಾದೆ. ನಿಮ್ಮ ಪಾಲಿನ ಧೂಳನ್ನು ನಾನು ತೆಗೆದಿದ್ದೇನೆ ಎಂದು ಹೇಳಿದಂತೆ.

ರುಚಿಪರಿಚಯದ ಹಿಂದಿನ ದಿನ ವಸಂತಕುಮಾರರು ಕಲಬುರಗಿಯಿಂದ ಕಾರಿನಲ್ಲಿ ಬಂದರು. ದಾರಿಯಲ್ಲಿ ಶಹಾಬಾದದಲ್ಲಿ ಇಳಿದು, ಮೈಸೂರಿನಲ್ಲಿ ಕಟ್ಟಿಸುತ್ತಿದ್ದ ಮನೆಯ ಅಂಗಳಕ್ಕೆ ಹಾಸುಗಲ್ಲು ನೋಡಿ, ಊಟ ಮಾಡಿ, ಮಧ್ಯಾಹ್ನ ಕಳೆದ ಮೇಲೆ ವಾಡಿ ಮುಟ್ಟಿದರು. ಚಾಕೊಲೇಟಿನ ಪೆಟ್ಟಿಗೆ ಅಷ್ಟು ಹೊತ್ತೂ ಡಿಕ್ಕಿಯಲ್ಲಿತ್ತು. ಅದನ್ನು ಎತ್ತಿಕೊಂಡಾಗ ನನ್ನ ಅಂಗೈಗೆ ಬಿಸಿ ತಾಗಿತು. ಹೇಳಿದೆ. ರಾತ್ರಿಯಿಡೀ ತಾವು ಇಳಿದ ಕೋಣೆಯ ಎಸಿಯಲ್ಲಿಟ್ಟರೆ ಗಟ್ಟಿಯಾಗುತ್ತದೆ ಎಂದರು. ಗಟ್ಟಿಯಾದದ್ದು ನಿಜ. ಮರುದಿನ ನನ್ನನ್ನು ಚಿತ್ತಾಪುರದ ಅಂಗಡಿಗಳ ಪರಿಶೀಲನೆಗೆ ಕರೆದೊಯ್ದರು. ಪೆಟ್ಟಿಗೆ ತೆರೆದು ತಟ್ಟೆಯಲ್ಲಿ ಜೋಡಿಸಿಡುವ ಕೆಲಸ ಶರಣಮ್ಮನಿಗೆ ಉಳಿಯಿತು. ನಾವು ಮರಳಿದಾಗ ಸಮಿತಿಯವರು ಆಗಲೇ ಕುಳಿತಿದ್ದರು.

ಕ್ಲಬ್ಬಿನ ಅಧ್ಯಕ್ಷರು ಪಾಟೀಲ ಸಾಹೇಬರೆಂಬ ನಿವೃತ್ತ ಎಂಜಿನಿಯರು. ಪಕ್ಕದಲ್ಲಿ ಅವರ ಪತ್ನಿ. ಶರಣಮ್ಮ ಹೊಸ ಇಳಕಲ್ ಸೀರೆಯುಟ್ಟು, ಕಾಫಿಯ ಡಿಕಾಕ್ಷನ್ ಇಳಿಸಿಟ್ಟು ನಿಂತಿದ್ದಳು. ವಸಂತಕುಮಾರರು ಚಾಕೊಲೇಟಿನ ತಟ್ಟೆಯ ಮೇಲಿನ ಮುಚ್ಚಳ ತೆಗೆದರು. ತೆಗೆದವರು ಅದನ್ನು ಕೈಯಲ್ಲಿಯೇ ಹಿಡಿದು ನಿಂತರು. ಹೊಳೆಯಬೇಕಿದ್ದ ಕರಿಯ ತುಂಡುಗಳು ಮಂಕಾಗಿ, ಅಂಟಂಟಾಗಿ, ಬೂದುಬಣ್ಣದ ಗೆರೆಗಳನ್ನು ಹೊದ್ದು, ಮಳೆಗೆ ಸಿಕ್ಕ ಬೆಲ್ಲದಚ್ಚಿನಂತೆ ಬಿದ್ದಿದ್ದವು.

"ಇದಕ್ಕೆ ನೀರು ಮುಟ್ಟಿಸಿದ್ದು ಯಾರು?" ಎಂದು ಅವರು ಕೇಳಿದರು. ದನಿ ಏರಿರಲಿಲ್ಲ; ಅದೇ ಹೆಚ್ಚು ಭಯ ಹುಟ್ಟಿಸಿತು.

ಶರಣಮ್ಮ ಮುಂದೆ ಬಂದಳು. "ನಾನೇ ಒರಸೀನ್ರಿ ಸಾಹೇಬ್ರೆ. ಪೆಟ್ಟಿಗಿ ತಗದ್ರ ಎಲ್ಲಾದರ ಮ್ಯಾಲ ಬಿಳಿ ಧೂಳ ಕುಂತಿತ್ರಿ. ಸಾಫ್ ಅರಿವೀಲೆ ಒಂದೊಂದೇ ಒರಸೀನಿ. ಹಂಗ ಹ್ಯಾಂಗ ಇಡಬೇಕ್ರಿ?"

ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಕರಗಿ ಮತ್ತೆ ಗಟ್ಟಿಯಾದ ಚಾಕೊಲೇಟಿನ ಮೇಲೆ ಅದರೊಳಗಿನ ಕೊಬ್ಬೇ ಬಿಳಿಯ ಪುಡಿಯಂತೆ ಮೇಲೇಳುತ್ತದೆ. ಬೇರೆ ಊರಿನವರು ಅದನ್ನು ಬೂಷ್ಟೆಂದು ತಿಳಿದು ಎಸೆಯುತ್ತಾರೆ. ವಾಡಿಯಲ್ಲಿ ಹುಟ್ಟಿ ವಾಡಿಯಲ್ಲಿ ಬೆಳೆದವಳು ಅದನ್ನು ತನ್ನೂರಿನ ಧೂಳೆಂದಲ್ಲದೆ ಬೇರೇನೆಂದು ತಿಳಿದಾಳು? ಅವಳು ಕಲಿತದ್ದು ಚಳಿಗಾಲದಲ್ಲಿ, ಹೊಳೆಯುವ ತುಂಡುಗಳಲ್ಲಿ. ಈ ಬಿಳುಪನ್ನು ಅವಳು ಕಂಡೇ ಇರಲಿಲ್ಲ. ಒದ್ದೆ ಬಟ್ಟೆ ತಾಗಿದೊಡನೆ ಮೇಲಿನ ಸಕ್ಕರೆ ಕರಗಿ ಅಂಟಾಗಿತ್ತು.

ವಸಂತಕುಮಾರರು ಸಮಿತಿಯ ಕಡೆಗೆ ತಿರುಗಿದರು. "ಚಾಕೊಲೇಟಿಗೆ ನೀರು ತಾಗಬಾರದು ಅನ್ನೋದು ಈ ಕೆಲಸದ ಮೊದಲನೇ ಪಾಠ. ಅದೇ ಗೊತ್ತಿಲ್ಲದವರ ಕೈಗೆ ಕೌಂಟರ್ ಹೇಗೆ ಕೊಡೋದು? ಇವರನ್ನ ಬಿಟ್ಟುಬಿಡೋಣ. ಕಲಬುರಗಿಯವರನ್ನ ನೋಡೋಣ."

ಶರಣಮ್ಮ ಹೆಗಲ ಮೇಲಿನ ಬಟ್ಟೆಯನ್ನು ತೆಗೆದು, ಅದೇ ತಪ್ಪು ಮಾಡಿತೋ ಎಂಬಂತೆ ನೋಡುತ್ತ, ಬೆನ್ನ ಹಿಂದೆ ಮುಚ್ಚಿಟ್ಟುಕೊಂಡಳು. ಇಷ್ಟು ವರ್ಷಗಳಾದರೂ ಆ ಸಂಜೆಯೆಂದರೆ ನನಗೆ ಮೊದಲು ಕಾಣುವುದು ಆ ಕೈ.

ನಾನು ಶಾಲೆಯಲ್ಲಿ ಮೇಲಧಿಕಾರಿಗಳ ಮಾತಿಗೆ ಎದುರು ಹೇಳಿದವಳಲ್ಲ. ಅಂದು ಪೆಟ್ಟಿಗೆ ತರಿಸಿದೆ. ತಳದಲ್ಲಿ ಅವಳು ಇನ್ನೂ ಒರೆಸದಿದ್ದ ಕೆಲವು ತುಂಡುಗಳು ಉಳಿದಿದ್ದವು. ಅವು ವಿಭೂತಿ ಬಳಿದುಕೊಂಡಂತೆ ಬೆಳ್ಳಗಿದ್ದವು. ಮೇಜಿನ ಮೇಲಿಟ್ಟು, "ಸರ್, ಇವಕ್ಕೆ ನೀರು ತಾಗಿಲ್ಲ. ನಿನ್ನೆ ಮಧ್ಯಾಹ್ನ ಪೆಟ್ಟಿಗೆ ಎಲ್ಲಿತ್ತು ಎಂಬುದು ನಿಮಗೂ ನನಗೂ ಗೊತ್ತಿದೆ," ಎಂದೆ.

ವಸಂತಕುಮಾರರ ಮುಖದಲ್ಲಿ ಕೋಪ ಕಾಣಲಿಲ್ಲ. ಕಂಡದ್ದು ಬೆರಗು. ಆ ಡಿಕ್ಕಿಯ ನೆನಪು ಅವರಿಗೆ ನಿಜವಾಗಿಯೂ ಅಲ್ಲಿಯವರೆಗೆ ಬಂದಿರಲಿಲ್ಲವೆಂದೇ ನಾನು ಇಂದಿಗೂ ನಂಬುತ್ತೇನೆ. ಆದರೂ ಅವರು ಸೋಲಲಿಲ್ಲ. ಬಿಳುಪು ಹೇಗೇ ಬಂದಿರಲಿ, ಒರೆಸಿದ್ದು ತಪ್ಪೇ ಎಂದರು.

ಆಗ ಪಾಟೀಲರ ಪತ್ನಿ ಬಾಯಿ ಬಿಟ್ಟರು. ಅಲ್ಲಿಯವರೆಗೆ ಅವರು ಸೆರಗು ಹೊದ್ದು ಗಾಳಿ ಹಾಕಿಕೊಳ್ಳುತ್ತ ಕುಳಿತಿದ್ದರು.

"ನೀವು ಮೈಸೂರಿನವ್ರು, ನಿಮಗ ತಿಳಿಯಂಗಿಲ್ರಿ. ವಾಡ್ಯಾಗ ಬಾಳಿಹಣ್ಣ ಸೈತ ಒರಸಲಾರದ ಕೊಟ್ರ ಅದು ಬಂದವರಿಗಿ ಅವಮಾನ ಮಾಡಿದಂಗ. ಬಿಳಿ ಕುಂತಿದ್ದ ತುಂಡ ಹಂಗೇ ತಂದು ನನ್ನ ಮುಂದ ಇಟ್ಟಿದ್ರ ನಾ ಎದ್ದು ಮನಿಗಿ ಹೋಗತಿದ್ನಿ. ಈಕಿ ಒರಸ್ಯಾಳ, ಅದಕ್ಕೇ ಕುಂತೀನಿ."

ಆ ಮಾತಿನ ಬೆನ್ನಿಗೇ ನನಗೆ ಚಿತ್ತಾಪುರದ ಬಸಿ ನೆನಪಾಯಿತು. ಆರಿದ ಕಾಫಿಗೆ ಚಾಕೊಲೇಟು ಕರಗದು. ಹಾಗಾದರೆ ಕುದಿಯುವ ಕಾಫಿಗೆ? ಮೇಲೆದ್ದ ಬಿಳುಪೂ ಚಾಕೊಲೇಟಿನದೇ ಕೊಬ್ಬು. ಬಾಯಲ್ಲಿ ಪೂರ್ತಿ ಕರಗಿಬಿಟ್ಟರೆ ಅದು ಮರಳಿ ತನ್ನ ಮನೆಗೆ ಸೇರಲೇಬೇಕು. ನೋಟ ಕೆಟ್ಟಿದೆ, ರುಚಿ ಕೆಟ್ಟಿರಲಾರದು. ಶರಣಮ್ಮನಿಗೆ, ಕಾಫಿಯನ್ನು ನಿನ್ನ ಚಹಾದಷ್ಟೇ ಸುಡುಸುಡು ಕೊಡು ಎಂದೆ. ಸಮಿತಿಯವರಿಗೆ, ಒಂದು ಗುಟುಕು ಕಾಫಿ, ಆಮೇಲೆ ತುಂಡು, ಅಗಿಯಬಾರದು, ಕಣ್ಣು ಮುಚ್ಚಿರಿ, ಮತ್ತೆ ಕಾಫಿ ಎಂದೆ. ವಸಂತಕುಮಾರರು ತಡೆಯಬಹುದಿತ್ತು. ತಡೆಯಲಿಲ್ಲ. ತಾವೂ ಒಂದು ತುಂಡು ತೆಗೆದುಕೊಂಡರು.

ಪಾಟೀಲ ಸಾಹೇಬರು ಕಣ್ಣು ಮುಚ್ಚಿದವರು ಬಹಳ ಹೊತ್ತು ತೆರೆಯಲಿಲ್ಲ. ಶರಣಮ್ಮ ಅವರ ಗಂಟಲನ್ನೇ ನೋಡುತ್ತಿದ್ದಳು. ಕೊನೆಗೆ ಅವರು ಕಣ್ಣು ತೆರೆದು, ತಟ್ಟೆಯ ಮೇಲಿನ ಆ ವಿಕಾರವಾದ ತುಂಡುಗಳನ್ನೂ ತಮ್ಮ ಕೈಯ ಬಟ್ಟಲನ್ನೂ ಒಂದಾದ ಮೇಲೊಂದರಂತೆ ನೋಡಿ, ಹೆಂಡತಿಗೆ ಹೇಳಿದರು: "ಏನೋ ಹಣ್ಣಿನ ವಾಸ್ನಿ ಬಂತು ನೋಡು. ಇದರಾಗೂ ಇಲ್ಲ, ಅದರಾಗೂ ಇಲ್ಲ." ಆಮೇಲೆ ಇನ್ನೊಂದು ತುಂಡಿಗೆ ಕೈ ಚಾಚಿದರು. ನಾನು ವಸಂತಕುಮಾರರನ್ನು ನೋಡಿದೆ. ಅವರ ತುಟಿಯಿಂದ ಅಭ್ಯಾಸಬಲದಿಂದ ಸೊರ್ ಎಂಬ ಸದ್ದು ಹೊರಟಿತು. ಹೀರಿದ್ದನ್ನು ಅವರು ಉಗುಳಲಿಲ್ಲ.

ಕೌಂಟರನ್ನು ಶರಣಮ್ಮನಿಗೇ ಕೊಡಬೇಕೆಂದು ಸಮಿತಿಯವರು ಹೇಳಿದರು. ಚಹಾವೂ ಇರಬೇಕೆಂದು ಪಾಟೀಲರ ಪತ್ನಿ ಷರತ್ತು ಹಾಕಿದರು. ಶರಣಮ್ಮ ಬೆನ್ನ ಹಿಂದಿನಿಂದ ಬಟ್ಟೆ ತೆಗೆದು, ಕಣ್ಣು ಒರೆಸಿಕೊಳ್ಳುವಳೆಂದು ನಾನು ಎಣಿಸಿದರೆ, ಬಟ್ಟಲಿನ ಕಲೆ ಬಿದ್ದಿದ್ದ ಮೇಜನ್ನು ಒರೆಸಿದಳು.

ವಸಂತಕುಮಾರರ ಕಾರಿನಲ್ಲಿಯೇ ಕಲಬುರಗಿಯ ಕಡೆಗೆ ಹೊರಟೆ. ಕೆಲಸ ಹೋಯಿತೆಂದೇ ನಾನು ನಿಶ್ಚಯಿಸಿದ್ದೆ. ಶಹಾಬಾದ ದಾಟಿದ ಮೇಲೆ ಅವರು ಕೇಳಿದ್ದು ಬೇರೆ. "ಬಾಳೆಹಣ್ಣನ್ನೂ ಒರೆಸ್ತಾರಾ ಟೀಚರ್?" ಹೌದೆಂದೆ. ಮುಂದಿನ ತಿಂಗಳಿನಿಂದ ನಮ್ಮ ಭಾಗಕ್ಕೆ ಬರುವ ಪ್ರತಿಯೊಂದು ತುಂಡೂ ಬೆಳ್ಳಿಕಾಗದದಲ್ಲಿ ಸುತ್ತಿಕೊಂಡು, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಬಂತು. ಶರಣಮ್ಮನಿಗೆ ಅವರು ಹೇಳಿಕಳುಹಿಸಿದ್ದು ಇಷ್ಟು: ಒರೆಸುವುದನ್ನು ಬಿಡಬೇಡಿ, ಕಾಗದವನ್ನು ಒರೆಸಿ ಕೊಡಿ, ಬಿಚ್ಚುವುದನ್ನು ಗಿರಾಕಿಗೆ ಬಿಡಿ. ಅವರು ಬೆಂಗಳೂರಿಗೆ ವರ್ಗವಾದಾಗ ಆ ಮಾತನ್ನೂ ತಮ್ಮೊಡನೆ ಒಯ್ದು, ಎಲ್ಲ ಊರಿನ ಅಂಗಡಿಗಳಿಗೂ ನಿಯಮ ಮಾಡಿದರು. ಅವರ ಬಳಿಕ ಬಂದವರಿಗೆ ವಾಡಿ ಗೊತ್ತಿರಲಿಲ್ಲ. ನಿಯಮ ಉಳಿದು ಕಾರಣ ಕಳೆದುಹೋಯಿತು. ಕಾರಣವಿಲ್ಲದ ನಿಯಮಕ್ಕೆ ಯಾರೋ ಯುರೋಪನ್ನು ಅಂಟಿಸಿದರು.

ಅನಂತರ ಗುಂಡಿ ಒತ್ತಿದರೆ ಕಾಫಿ ಸುರಿಯುವ ಯಂತ್ರಗಳು ಬಂದವು. ಬೆರಳಿಗೆ ತರಬೇತಿ ಬೇಡವಾದ್ದರಿಂದ ನನ್ನ ಸುತ್ತಾಟ ಕಡಿಮೆಯಾಗುತ್ತ ಬಂತು; ನಿವೃತ್ತಿಯ ವಯಸ್ಸು ಇನ್ನೂ ಬಾರದಿದ್ದರೂ ನಾನೇ ಬಿಟ್ಟೆ. ಹೊಸಬರಿಗೆ ನಾನು ಹೇಳಬಹುದಾದದ್ದು ಇಷ್ಟೆ: ಯಾವ ಊರಿಗೆ ಹೋದರೂ ಮೊದಲು ಅಲ್ಲಿನ ನೀರನ್ನು ಕುಡಿಯಿರಿ, ಅಲ್ಲಿನವರು ಅತಿಥಿಗೆ ಏನನ್ನು ಯಾವ ಕ್ರಮದಲ್ಲಿ ಕೊಡುತ್ತಾರೆಂದು ನೋಡಿರಿ. ಪುಡಿಯ ಡಬ್ಬಿಯನ್ನು ಆಮೇಲೆ ತೆರೆಯಿರಿ.

ಸಹನಾಳ ಫೋನು ಬಂದ ವಾರವೇ ವಾಡಿಗೆ ಹೋಗಿದ್ದೆ. ಕ್ಲಬ್ಬಿನ ಕೌಂಟರು ಇನ್ನೂ ಶರಣಮ್ಮನದೇ. ಯಂತ್ರದ ಪಕ್ಕದಲ್ಲಿ ಚಹಾದ ಒಲೆಯೂ ಇದೆ. ಅವಳ ಕೂದಲು ನೆರೆತಿದೆ, ಹೆಗಲ ಮೇಲಿನ ಬಟ್ಟೆ ಹಾಗೆಯೇ ಇದೆ. ಬೆಂಗಳೂರಿನ ಅಂಗಡಿಗಳಲ್ಲೆಲ್ಲ ಈಗ ಚಾಕೊಲೇಟನ್ನು ಒರೆಸಿ ಕೊಡುತ್ತಾರೆಂದು ಹೇಳಿದೆ. ಹಿಗ್ಗುತ್ತಾಳೆಂದುಕೊಂಡಿದ್ದೆ. ಅವಳು ಕೈಯ ಕೆಲಸ ನಿಲ್ಲಿಸಿ ದಿಗಿಲಿನಿಂದ ನನ್ನನ್ನು ನೋಡಿದಳು.

"ಅಲ್ಲೂ ಧೂಳ ಬರಾಕತ್ತದೇನ್ರಿ ಅಕ್ಕೋರೆ?"

ಇಲ್ಲ, ಅಲ್ಲಿ ಗಾಜಿನ ಬಾಗಿಲು, ಎಸಿ, ಧೂಳೇ ಇಲ್ಲ ಎಂದೆ.

"ಧೂಳ ಇಲ್ಲಂದ್ರ ಏನ್ ಒರಸ್ತಾರ್ರಿ?"

ಅವಳು ಕಾಫಿಯನ್ನು ಸುಡುಸುಡು ತುಂಬಿ ನನ್ನ ಮುಂದಿಟ್ಟಳು. ಬೆಳ್ಳಿಕಾಗದದ ತುಂಡೊಂದನ್ನು ತೆಗೆದು, ನಾನು ನೋಡುವಂತೆ ಹಿಡಿದು, ನಿಧಾನವಾಗಿ ಒರೆಸಿ ನನ್ನ ಅಂಗೈಗಿಟ್ಟಳು. ಆಮೇಲೆ ಬಟ್ಟೆಯನ್ನು ತಿರುವಿ ತೋರಿಸಿದಳು. ಅದರ ಮೇಲೆ ಬೆರಳಿನಗಲದ ಬಿಳಿಯ ಗೆರೆಯಿತ್ತು.